ಅಟ್ಟದ ಗಾಳಿಗೆ ಹುದುಗುವ ಬಿಯರ್

ಬ್ರಸೆಲ್ಸ್ ನಗರದ ಆಂಡರ್ಲೆಕ್ಟ್ ಭಾಗದಲ್ಲಿ, ದಕ್ಷಿಣ ರೈಲು ನಿಲ್ದಾಣದಿಂದ ನಡೆದೇ ಹೋಗುವಷ್ಟು ಹತ್ತಿರ, ಕಾಂತಿಯೋಂ ಎಂಬ ಹಳೆಯ ಬಿಯರ್ ಕಾರ್ಖಾನೆಯಿದೆ. ಅದರ ಅಟ್ಟದಲ್ಲಿ, ಹೆಂಚಿನ ಸೂರಿನ ಅಡಿಯಲ್ಲಿ, ಒಂದು ತಾಮ್ರದ ತೊಟ್ಟಿ. ಕೋಣೆಯಷ್ಟು ಅಗಲವಿದ್ದರೂ ಮೊಣಕಾಲು ಮುಳುಗುವಷ್ಟೂ ಆಳವಿಲ್ಲ. ಇದಕ್ಕೆ ಅಲ್ಲಿಯವರು ಕೂಲ್‌ಶಿಪ್ ಎನ್ನುತ್ತಾರೆ. ಚಳಿಗಾಲದ ಸಂಜೆ ಸುಮಾರು 7,500 ಲೀಟರ್ ಕುದಿಯುವ ಧಾನ್ಯರಸವನ್ನು ಇದಕ್ಕೆ ಹರಿಸಿ, ಗೋಡೆಯ ಗಾಳಿಕಂಡಿಗಳನ್ನು ತೆರೆದಿಡುತ್ತಾರೆ. ಯೀಸ್ಟ್ ಹಾಕುವವರು ಯಾರೂ ಇಲ್ಲ. ಅಟ್ಟದ ತುಂಬ ಹಬೆ ಏಳುತ್ತದೆ, ಹೊರಗಿನ ತಣ್ಣನೆಯ ಗಾಳಿ ಒಳಗೆ ನುಗ್ಗುತ್ತದೆ, ಬೆಳಗಾಗುವ ಹೊತ್ತಿಗೆ ರಸ ಇಪ್ಪತ್ತು ಡಿಗ್ರಿಯ ಆಸುಪಾಸಿಗೆ ಇಳಿದಿರುತ್ತದೆ. ಅಷ್ಟರಲ್ಲಿ ಗಾಳಿಯ ಮತ್ತು ಸೂರಿನ ಮರಗಳ ಕಾಡು ಯೀಸ್ಟುಗಳೂ ಬ್ಯಾಕ್ಟೀರಿಯಗಳೂ ಅದರೊಳಗೆ ಇಳಿದಿರುತ್ತವೆ. ಆ ಮರಗಳ ಮೇಲಿನ ಜೇಡರ ಬಲೆಗಳನ್ನು ಇಲ್ಲಿ ಗುಡಿಸುವುದಿಲ್ಲ, ಜೇಡಗಳನ್ನು ಕೊಲ್ಲುವುದಂತೂ ನಿಷಿದ್ಧ. ಹಣ್ಣು ಮತ್ತು ಸಿಹಿರಸದ ವಾಸನೆಗೆ ಮುತ್ತುವ ನೊಣಗಳನ್ನು ಹಿಡಿಯಬೇಕಾದವು ಅವೇ. ಕೀಟನಾಶಕ ಸಿಂಪಡಿಸಿದರೆ ನೊಣದ ಜೊತೆಗೆ ಇಡೀ ಅಟ್ಟದ ಸೂಕ್ಷ್ಮಜೀವಿಗಳ ಸಂಸಾರವೇ ಕೆಟ್ಟೀತು ಎಂಬ ಎಚ್ಚರ ಈ ಮನೆಗೆ ಇದೆ. ಬಿಯರ್ ಕಾರ್ಖಾನೆಯೆಂದರೆ ಆಸ್ಪತ್ರೆಯಂತೆ ತೊಳೆದಿಟ್ಟ ಉಕ್ಕಿನ ಕೊಳಾಯಿಗಳು ಎಂದುಕೊಂಡವರಿಗೆ, ಧೂಳನ್ನೇ ಆಸ್ತಿಯೆಂದು ಕಾಪಾಡುವ ಈ ಅಟ್ಟ ವಿಚಿತ್ರವಾಗಿ ಕಾಣುತ್ತದೆ. ಕ್ರಾಫ್ಟ್ ಬಿಯರಿನ ಬೆಲೆ ನ್ಯಾಯವೇ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಹೀಗೆ ಹುದುಗಿದ ಬಿಯರಿಗೆ ಲ್ಯಾಂಬಿಕ್ ಎಂದು ಹೆಸರು. ಬ್ರಸೆಲ್ಸ್ ಮತ್ತು ಅದರ ನೈಋತ್ಯಕ್ಕಿರುವ ಸೆನ್ ನದಿಯ ಕಣಿವೆ ಇದರ ತವರು. ಕನ್ನಡದ ಓದುಗರಿಗೆ ಇದರ ತತ್ವ ಹೊಸದಲ್ಲ. ರಾತ್ರಿ ರುಬ್ಬಿಟ್ಟ ದೋಸೆಹಿಟ್ಟು ಬೆಳಿಗ್ಗೆಗೆ ಉಬ್ಬುವುದು ಯಾರೋ ಯೀಸ್ಟ್ ಬೆರೆಸಿದ್ದರಿಂದಲ್ಲ, ಉದ್ದಿನ ಜೊತೆಗೇ ಬಂದ ಜೀವಿಗಳಿಂದ. ಈಚಲ ಮರದಿಂದ ಇಳಿಸಿದ ರಸ ಹೊತ್ತೇರಿದಂತೆ ಹೆಂಡವಾಗುವುದೂ ತನ್ನಷ್ಟಕ್ಕೆ ತಾನೇ. ವ್ಯತ್ಯಾಸ ಇರುವುದು ಕಾಲದಲ್ಲಿ. ಹೆಂಡಕ್ಕೆ ಕೆಲವು ಗಂಟೆ ಸಾಕು, ಲ್ಯಾಂಬಿಕ್‌ಗೆ ಮೂರು ವರ್ಷದವರೆಗೂ ಬೇಕು. ಸುಮಾರು ಶೇ 65 ಮೊಳಕೆ ಬಾರ್ಲಿ, ಶೇ 35 ಮೊಳಕೆ ಬರಿಸದ ಗೋಧಿ ಸೇರಿಸಿ ರಸ ತೆಗೆಯುತ್ತಾರೆ. ಘಮ ಹೋಗಿ ಹಳತಾದ ಹಾಪ್ಸ್ ಹೂವನ್ನು ಹಾಕಿ ತಾಸುಗಟ್ಟಲೆ ಕುದಿಸುತ್ತಾರೆ. ಇಲ್ಲಿ ಹಾಪ್ಸ್ ಬೇಕಿರುವುದು ಕಹಿಗಲ್ಲ, ಕೆಡದಂತೆ ಕಾಯುವುದಕ್ಕೆ. ಅಟ್ಟದಲ್ಲಿ ತಣಿದ ರಸ ಹಳೆಯ ವೈನ್ ಪೀಪಾಯಿಗಳಿಗೆ ಇಳಿಯುತ್ತದೆ. ಅಲ್ಲಿ ಒಂದು ಜೀವಿಯ ಪಾಳಿ ಮುಗಿದ ಮೇಲೆ ಇನ್ನೊಂದರದು. ಮೊದಲ ತಿಂಗಳು ಕರುಳಿನ ಬ್ಯಾಕ್ಟೀರಿಯಗಳ ಬಂಧುಗಳು, ಆಮೇಲೆ ಸಾಮಾನ್ಯ ಯೀಸ್ಟ್, ನಂತರ ಹುಳಿ ಹಿಡಿಸುವ ಬ್ಯಾಕ್ಟೀರಿಯ. ಈ ಹಂತದಲ್ಲಿ ಬಿಯರ್ ಕೆಲವೊಮ್ಮೆ ಎಣ್ಣೆಯಂತೆ ನೂಲುನೂಲಾಗಿ ಲೋಳೆ ಕಟ್ಟುತ್ತದೆ. ನೋಡಿದವರು ಕೆಟ್ಟಿತು ಎಂದು ಚೆಲ್ಲಿಬಿಡಬೇಕು, ಹಾಗಿರುತ್ತದೆ. ಚೆಲ್ಲದೆ ಕಾದರೆ ಬ್ರೆಟನೊಮೈಸಿಸ್ ಎಂಬ ನಿಧಾನದ ಯೀಸ್ಟ್ ಬಂದು ಆ ಲೋಳೆಯನ್ನು ಕರಗಿಸಿ, ರಸವನ್ನು ತಿಳಿಗೊಳಿಸಿ, ಅದಕ್ಕೆ ಲ್ಯಾಂಬಿಕ್‌ನದೇ ಆದ ವಾಸನೆ ಕೊಡುತ್ತದೆ. ಕೊನೆಗೆ ಒಂದು, ಎರಡು, ಮೂರು ವರ್ಷದ ಲ್ಯಾಂಬಿಕ್‌ಗಳನ್ನು ರುಚಿ ನೋಡಿ ಬೆರೆಸಿ, ಬಿರಡೆ ಹಾಕಿ, ಸೀಸೆಯಲ್ಲೇ ಮತ್ತೆ ಹುದುಗಲು ಬಿಟ್ಟರೆ ಅದು ಗೂಜ್. ಚೆರಿ ಹಣ್ಣು ನೆನೆಸಿದರೆ ಕ್ರೀಕ್.

ಬೆಲೆಯ ಲೆಕ್ಕ ಇಲ್ಲಿಂದ ಶುರುವಾಗುತ್ತದೆ. ಅಂಗಡಿಗಳಲ್ಲಿ ಸಿಗುವ ತಿಳಿ ಬಣ್ಣದ ಲಾಗರ್ ಸುಮಾರು ಒಂದು ತಿಂಗಳಲ್ಲಿ ತಯಾರಾಗುತ್ತದೆ ಎಂದಿಟ್ಟುಕೊಂಡರೆ, ಒಂದು ಉಕ್ಕಿನ ತೊಟ್ಟಿ ಮೂರು ವರ್ಷದಲ್ಲಿ ಮೂವತ್ತಾರು ಸಲ ತುಂಬಿ ಖಾಲಿಯಾಗುತ್ತದೆ. ಮೂರು ವರ್ಷದ ಲ್ಯಾಂಬಿಕ್ ಹೊತ್ತ ಪೀಪಾಯಿ ಅಷ್ಟೇ ಕಾಲದಲ್ಲಿ ಒಂದು ಸಲ. ಈ ನಡುವೆ ಮರದ ಮೂಲಕ ಆರಿಹೋಗುವ ಪಾಲು ಬೇರೆ, ಹುಳಿ ಮೀರಿ ವಿನೆಗರಾಗುವ ಪೀಪಾಯಿ ಬೇರೆ. ಧಾನ್ಯಕ್ಕೆ ಹಾಕಿದ ಹಣ ಮೂರು ವರ್ಷ ಕತ್ತಲಲ್ಲಿ ಕೂತಿರಬೇಕು, ಜಾಗದ ಬಾಡಿಗೆ ಮಾತ್ರ ತಿಂಗಳಿಗೊಮ್ಮೆ ಬರುತ್ತಲೇ ಇರುತ್ತದೆ. ಇಷ್ಟಾದರೂ ಗೂಜ್‌ನ ಬೆಲೆ ಬೆಲ್ಜಿಯಂನಲ್ಲಿ ಲಾಗರಿನ ಮೂವತ್ತಾರು ಪಟ್ಟಲ್ಲ, ಕೆಲವೇ ಪಟ್ಟು. ಕಾಯುವುದರಲ್ಲಿರುವ ಅಪಾಯವೂ ಸಣ್ಣದಲ್ಲ. ಬ್ರಸೆಲ್ಸ್‌ನ ಪಕ್ಕದ ಬೇರ್ಸೆಲ್‌ನಲ್ಲಿರುವ ಡ್ರಿ ಫಾಂಟೈನನ್ ಎಂಬ ಇನ್ನೊಂದು ಹೆಸರಾಂತ ಮನೆಯಲ್ಲಿ 2009ರಲ್ಲಿ ಉಗ್ರಾಣದ ತಾಪ ನಿಯಂತ್ರಕ ಕೆಟ್ಟು ಕೋಣೆ ಕಾದುಹೋಯಿತು. ಸಾವಿರಾರು ಸೀಸೆಗಳು ಸಿಡಿದವು, ಉಳಿದವು ಮಾರಲು ಬಾರದಂತಾದವು. ಕೆಟ್ಟ ಬಿಯರನ್ನು ಭಟ್ಟಿ ಇಳಿಸಿ ಮದ್ಯ ಮಾಡಿ ಮಾರಿ ಮಾಲೀಕ ಆರ್ಮಾಂಡ್ ಡೆಬೆಲ್ಡರ್ ಮತ್ತೆ ಎದ್ದು ನಿಂತರು.

ಕುರುಡು ಪರೀಕ್ಷೆಯಲ್ಲಿ ಜನಕ್ಕೆ ಒಂದು ಬಿಯರಿಗೂ ಇನ್ನೊಂದಕ್ಕೂ ವ್ಯತ್ಯಾಸವೇ ತಿಳಿಯುವುದಿಲ್ಲ, ಹಾಗಿದ್ದಮೇಲೆ ಹೆಚ್ಚು ಹಣ ಏಕೆ ಎಂಬ ಆಕ್ಷೇಪವಿದೆ. ಇದಕ್ಕೆ ಆಧಾರವೂ ಇದೆ. 2014ರಲ್ಲಿ ಅರ್ಥಶಾಸ್ತ್ರಜ್ಞರ ತಂಡವೊಂದು ಯುರೋಪಿನ ಮೂರು ಲಾಗರ್‌ಗಳನ್ನು ಹೆಸರು ಮುಚ್ಚಿ ಕುಡಿಸಿದಾಗ, ಬೇರೆಯದನ್ನು ಗುರುತಿಸುವುದರಲ್ಲಿ ಜನ ಬಹುಮಟ್ಟಿಗೆ ಕಣ್ಣುಮುಚ್ಚಿ ಊಹಿಸಿದವರಷ್ಟೇ ಗೆದ್ದರು. ಆದರೆ ಅವು ಮೂರೂ ಒಂದೇ ಜಾತಿಯ ಬಿಯರುಗಳು. ಅವುಗಳ ನಡುವೆ ಬ್ರಾಂಡ್ ನೋಡಿ ಹೆಚ್ಚು ಕೊಡುವುದು ದಂಡ ಎಂಬುದನ್ನು ಆ ಪರೀಕ್ಷೆ ತೋರಿಸಿತು, ಅಷ್ಟೇ. ಲಾಗರಿನ ಪಕ್ಕದಲ್ಲಿ ಗೂಜ್ ಇಟ್ಟರೆ ಗುರುತಿಸಲು ಯಾವ ಪರಿಣತಿಯೂ ಬೇಡ. ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಹುಳಿಯೇ ಬೇಕಿದ್ದರೆ ಲ್ಯಾಕ್ಟೋಬ್ಯಾಸಿಲಸ್ ಬೆರೆಸಿ ಹಂಡೆಯಲ್ಲೇ ಒಂದೆರಡು ದಿನದಲ್ಲಿ ಹುಳಿ ಹಿಡಿಸಬಹುದು, ಮೂರು ವರ್ಷ ಏಕೆ? ನಿಜ, ಹುಳಿ ಬೇಗ ಬರುತ್ತದೆ. ಆದರೆ ಆಮ್ಲ ಮತ್ತು ಆಲ್ಕೊಹಾಲ್ ನಿಧಾನವಾಗಿ ಕೂಡಿ ಹುಟ್ಟುವ ಹಣ್ಣಿನ ವಾಸನೆ, ಹಳೆಯ ಮರದ ಒಗರು, ನಾಲಿಗೆಯ ಮೇಲೆ ಒಣಗಿಬಿಡುವ ಆ ಕೊನೆ, ಇವನ್ನು ಎರಡು ದಿನದ ಹುಳಿ ಕೊಡಲಾರದು. ಗಿಡದಲ್ಲೇ ಮಾಗಿದ ಮಾವಿಗೂ ಕಾರ್ಬೈಡ್‌ನಿಂದ ಬಣ್ಣ ತಿರುಗಿಸಿದ್ದಕ್ಕೂ ಇರುವ ಅಂತರ ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗೆಂದು ‘ಕ್ರಾಫ್ಟ್’ ಎಂಬ ಮಾತು ಬರೆದ ಸೀಸೆಗೆಲ್ಲ ಬೆಲೆ ಕೊಡಬೇಕೆಂದಲ್ಲ. ಆ ಮಾತಿಗೆ ಕಾವಲಿಲ್ಲ. ಷಿಕಾಗೋದ ಗೂಸ್ ಐಲ್ಯಾಂಡ್ 2011ರಲ್ಲಿ ದೈತ್ಯ ಬಿಯರ್ ಕಂಪನಿಯ ಕೈಸೇರಿದ ಮೇಲೂ ಅದೇ ಹೆಸರಿನಲ್ಲಿ ಮಾರಾಟವಾಗುತ್ತಿದೆ. ‘ಹಳೆಯ ಗೂಜ್’ ಎಂಬ ಮಾತಿಗೆ ಮಾತ್ರ ಯುರೋಪಿನಲ್ಲಿ 1997ರಿಂದ ಕಾನೂನಿನ ಅರ್ಥವಿದೆ. ಮಿಶ್ರಣದಲ್ಲಿ ಕನಿಷ್ಠ ಮೂರು ವರ್ಷ ಮರದಲ್ಲಿ ಮಾಗಿದ ಪಾಲು ಇರಲೇಬೇಕು. ಬೆಂಗಳೂರಿನ ಮೈಕ್ರೋಬ್ರೂವರಿಗಳಲ್ಲಿ ಕೂರುವವರೂ ಕೇಳಬೇಕಾದ ಪ್ರಶ್ನೆ ಇದೇ. ಒಂದು ಲೋಟಕ್ಕೆ ಕೊಡುವ ಹಣದಲ್ಲಿ ಅಬಕಾರಿ ತೆರಿಗೆ ಎಷ್ಟು, ಇಂದಿರಾನಗರದ ಬಾಡಿಗೆ ಎಷ್ಟು, ಬಿಯರಿನ ಪಾಲು ಎಷ್ಟು? ಕೆಲವೇ ವಾರಗಳಲ್ಲಿ ಆದ ಬಿಯರೂ ತಾಜಾ ಇದ್ದರೆ, ಒಳ್ಳೆಯ ಧಾನ್ಯದ್ದಾಗಿದ್ದರೆ ಬೆಲೆಗೆ ತಕ್ಕದ್ದೇ. ಆದರೆ ಕುರ್ಚಿ ದೀಪಗಳಿಗೆ ಕೊಟ್ಟ ಹಣವನ್ನು ಕಸುಬಿಗೆ ಕೊಟ್ಟೆವೆಂದು ತಿಳಿಯಬಾರದು.

ಕಾಂತಿಯೋಂ ಮನೆತನದ ಕತೆಯೂ ಕಾದು ಉಳಿದದ್ದರ ಕತೆಯೇ. 1900ರಲ್ಲಿ ಪೋಲ್ ಕಾಂತಿಯೋಂ ಬೇರೆಯವರ ಲ್ಯಾಂಬಿಕ್ ಕೊಂಡು ಬೆರೆಸಿ ಮಾರಲು ಶುರುಮಾಡಿದರು. 1930ರ ದಶಕದ ಕೊನೆಗೆ ಮನೆಯಲ್ಲೇ ಕುದಿಸುವುದು ಆರಂಭವಾಯಿತು. ಆಗ ನಗರದಲ್ಲಿ ಇಂಥ ಮನೆಗಳು ಹತ್ತಾರು. ಸಿಹಿ ಪಾನೀಯಗಳ ಕಾಲ ಬಂದು ಒಂದೊಂದಾಗಿ ಮುಚ್ಚಿದವು. ಕಾಂತಿಯೋಂ ಮನೆಯ ಅಳಿಯ ಝಾಂ-ಪಿಯರ್ ವಾನ್ ರಾಯ್ ಸಿಹಿ ಬೆರೆಸಲು ಒಪ್ಪದೆ, 1978ರಲ್ಲಿ ಕಾರ್ಖಾನೆಯ ಬಾಗಿಲನ್ನೇ ಜನರಿಗೆ ತೆರೆದು ಅದನ್ನು ವಸ್ತುಸಂಗ್ರಹಾಲಯವಾಗಿಸಿದರು. ಈಗ ಮಗ ಝಾಂ ನಡೆಸುತ್ತಿದ್ದಾರೆ. ಆ ಹಳೆಯ ಮನೆಗಳಲ್ಲಿ ನಗರದೊಳಗೆ ಉಳಿದದ್ದು ಇದೊಂದೇ. ಈಗ ಇದರ ಸೀಸೆಗಳನ್ನು ದೂರದ ದೇಶಗಳಲ್ಲಿ ಹಲವು ಪಟ್ಟು ಬೆಲೆಗೆ ಮರುಮಾರಾಟ ಮಾಡುವವರಿದ್ದಾರೆ. ಆ ಬೆಲೆ ಖಂಡಿತ ಅನ್ಯಾಯ, ಅದರಲ್ಲಿ ಒಂದು ಕಾಸೂ ಅಟ್ಟದ ಹೆಂಚಿಗೆ ಬರುವುದಿಲ್ಲ.

ಕುದಿಸುವ ಕಾಲ ಅಕ್ಟೋಬರ್ ಕೊನೆಯಿಂದ ಏಪ್ರಿಲ್ ಮೊದಲವರೆಗೆ ಮಾತ್ರ. ರಾತ್ರಿ ಸಾಕಷ್ಟು ತಣ್ಣಗಿರದಿದ್ದರೆ ಬೇಡದ ಜೀವಿಗಳು ಮೇಲುಗೈ ಪಡೆಯುತ್ತವೆ. ವಾನ್ ರಾಯ್ ಕುಟುಂಬ ಹೇಳುವಂತೆ ಈ ಋತು ತಾತನ ಕಾಲಕ್ಕಿಂತ ಕಿರಿದಾಗಿದೆ. 2015ರ ನವೆಂಬರಿನಲ್ಲಿ ರಾತ್ರಿಗಳು ಬಿಸಿಯಾಗಿಯೇ ಉಳಿದು, ಕುದಿಸುವ ಕೆಲಸವನ್ನು ಕೆಲವು ದಿನ ನಿಲ್ಲಿಸಬೇಕಾಯಿತು. ಹಾಗೆ ಹುಟ್ಟದೇ ಹೋದ ಲ್ಯಾಂಬಿಕ್‌ಗೆ 2018ರ ಚಳಿಗಾಲದಲ್ಲಿ ಮೂರು ವರ್ಷ ತುಂಬುತ್ತಿತ್ತು.