ಮಳೆಗಾಲದ ಜ್ವರವೂ ಮಕ್ಕಳ ಚುಚ್ಚುಮದ್ದೂ

ಕಲ್ಕತ್ತೆಯಲ್ಲಿ ನೆಲೆಸಿರುವ ನಮ್ಮವರಲ್ಲಿ ಚಿಕ್ಕ ಮಕ್ಕಳುಳ್ಳವರು 2023ನೆಯ ಇಸವಿಯ ಫೆಬ್ರವರಿ, ಮಾರ್ಚ್ ತಿಂಗಳುಗಳನ್ನು ಸುಲಭವಾಗಿ ಮರೆಯಲಾರರು. ಫೂಲ್‌ಬಗಾನಿನ ಬಿ. ಸಿ. ರಾಯ್ ಮಕ್ಕಳ ಆಸ್ಪತ್ರೆಯಲ್ಲಿ ಹಾಸಿಗೆಗಳು ಸಾಲದಾದುವು. ಎರಡು ವರ್ಷ ತುಂಬದ ಕೂಸುಗಳು ಉಸಿರಿಗಾಗಿ ಒದ್ದಾಡಿದುವು. ಕೆಲವು ಮನೆಗೆ ಮರಳಲಿಲ್ಲ. ಆ ದಿನಗಳಲ್ಲಿ ಲೇಕ್ ಮಾರ್ಕೆಟ್ಟಿನ ಸುತ್ತಮುತ್ತ ತಾಯಂದಿರು ಒಬ್ಬರನ್ನೊಬ್ಬರು ಕೇಳುತ್ತಿದ್ದ ಪ್ರಶ್ನೆ ಒಂದೇ: “ಮಗುವಿಗೆ ಫ್ಲೂ ಚುಚ್ಚುಮದ್ದು ಹಾಕಿಸಿಬಿಡೋಣವೇ?”

ಆ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿರಲಿಲ್ಲ. ಅಂದು ಈ ನಗರವನ್ನು ಕಾಡಿದ್ದು ಮುಖ್ಯವಾಗಿ ಅಡಿನೋವೈರಸ್. ಅದಕ್ಕೆ ಮಕ್ಕಳಿಗೆ ಕೊಡಬಹುದಾದ ಲಸಿಕೆ ಇಲ್ಲ. ಫ್ಲೂ ಲಸಿಕೆ ಅದನ್ನು ತಡೆಯುವುದೂ ಇಲ್ಲ. ಅದೇ ಮಾರ್ಚ್ ತಿಂಗಳಲ್ಲಿ ನಮ್ಮ ನಾಡಿನ ಹಾಸನ ಜಿಲ್ಲೆಯಲ್ಲಿ ವೃದ್ಧರೊಬ್ಬರು ತೀರಿಕೊಂಡುದಾದರೋ ಎಚ್3ಎನ್2 ಎಂಬ ಇನ್‌ಫ್ಲುಯೆಂಜಾದಿಂದ. ಇದಕ್ಕೆ ಲಸಿಕೆ ಉಂಟು. ಕೆಮ್ಮು ಒಂದೇ, ಜ್ವರ ಒಂದೇ, ಮೂಲ ಬೇರೆ. ಕೂಸಿನ ಹಣೆ ಮುಟ್ಟಿ ನೋಡಿ ಇದು ಇಂಥದೇ ಎಂದು ಹೇಳಲು ಯಾವ ತಾಯಿಗೂ ಸಾಧ್ಯವಿಲ್ಲ. ಆದುದರಿಂದ ‘ಲಸಿಕೆ ಹಾಕಿಸಿದರೂ ಜ್ವರ ಬಂತು’ ಎಂದು ಆಮೇಲೆ ದೂರುವವರು, ಬಂದ ಜ್ವರ ಯಾವುದೆಂಬುದನ್ನು ಮೊದಲು ವಿಚಾರಿಸಬೇಕು.

ಹಾಗೆಂದು ಹಾಕಿಸದಿರುವುದು ಜಾಣತನವೆಂದು ನಾವು ಹೇಳಲಾರೆವು. ಐದು ವರ್ಷದೊಳಗಿನ ಮಕ್ಕಳಿಗೆ ಇನ್‌ಫ್ಲುಯೆಂಜಾ ನ್ಯುಮೋನಿಯಕ್ಕೆ ತಿರುಗುವ ಭಯ ಹೆಚ್ಚು. ಆರು ತಿಂಗಳು ತುಂಬಿದ ಮೇಲೆ ಐದು ವರ್ಷದವರೆಗೆ ಪ್ರತಿವರ್ಷವೂ ಈ ಲಸಿಕೆ ಕೊಡಿಸಬೇಕೆಂಬುದು ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆ. ವೈರಸ್ಸು ವರ್ಷವರ್ಷವೂ ವೇಷ ಬದಲಿಸುವುದರಿಂದ ಹಳೆಯ ಲಸಿಕೆ ಹೊಸ ವರ್ಷಕ್ಕೆ ಸಲ್ಲದು. ಆದರೆ ಸರ್ಕಾರದ ಉಚಿತ ಲಸಿಕೆಗಳ ಪಟ್ಟಿಯಲ್ಲಿ ಇದು ಸೇರಿಲ್ಲ. ಕೈಯಿಂದಲೇ ಹಣ ತೆರಬೇಕು. ಇಬ್ಬರು ಮೂವರು ಮಕ್ಕಳಿರುವ ಸಣ್ಣ ಸಂಬಳದ ಸಂಸಾರಕ್ಕೆ ಇದು ಹಗುರವಾದ ಮಾತಲ್ಲ.

ಕಾಲದ ವಿಚಾರವೂ ಇದೆ. ಮೊದಲ ಸಲ ಹಾಕಿಸುವ ಒಂಬತ್ತು ವರ್ಷದೊಳಗಿನ ಮಕ್ಕಳಿಗೆ ನಾಲ್ಕು ವಾರಗಳ ಅಂತರದಲ್ಲಿ ಎರಡು ಬಾರಿ ಚುಚ್ಚಬೇಕು. ಅದರ ಮೇಲೆ ದೇಹದಲ್ಲಿ ರಕ್ಷಣೆ ಬಲಿಯಲು ಸುಮಾರು ಎರಡು ವಾರ. ಅಂದರೆ ಪಕ್ಕದ ಮನೆಯ ಮಗು ಮಲಗಿದ ದಿನ ಓಡುವವನಿಗೆ ಪೂರ್ಣ ಫಲ ದೊರೆಯುವುದು ಆರು ವಾರದ ಅನಂತರ. ಕಲ್ಕತ್ತೆಯಲ್ಲಿ ಇನ್‌ಫ್ಲುಯೆಂಜಾ ಹೆಚ್ಚಾಗಿ ಏಳುವುದು ಮಳೆಗಾಲದಲ್ಲಿ. ಆದ್ದರಿಂದ ಏಪ್ರಿಲ್, ಮೇ ತಿಂಗಳಲ್ಲಿಯೇ, ಬೇಸಿಗೆ ರಜಕ್ಕೆ ಊರಿಗೆ ಹೊರಡುವ ಗಡಿಬಿಡಿಯ ನಡುವೆಯೇ, ಈ ಕೆಲಸ ಆಗಬೇಕು. ತಡವಾದರೂ ಹಾಕಿಸುವುದು ವ್ಯರ್ಥವೇನಲ್ಲ. ಅಲೆ ಕೆಲವು ತಿಂಗಳು ನಡೆಯುವುದುಂಟು.

ಊರಿನಿಂದ ಅಜ್ಜಿಯ ಫೋನು ಬರುತ್ತದೆ: “ಎಳೆಗೂಸಿಗೆ ಸೂಜಿ ಯಾಕೇ? ಚುಚ್ಚಿಸಿದರೆ ಜ್ವರ ಬರುತ್ತೆ.” ಅಜ್ಜಿಯ ಮಾತು ಪೂರ್ತಿ ಸುಳ್ಳಲ್ಲ, ತೋಳು ನೋಯುವುದು, ಒಂದೆರಡು ದಿನ ಮೈ ಬೆಚ್ಚಗಾಗುವುದು ಉಂಟು. ಆದರೆ ಚುಚ್ಚಿ ಕೊಡುವ ಲಸಿಕೆಯಲ್ಲಿ ಜೀವಂತ ವೈರಸ್ಸು ಇರುವುದಿಲ್ಲವಾದ್ದರಿಂದ ಅದು ಫ್ಲೂ ತರಲಾರದು. ಅಜ್ಜಿಯರಿಗೆ ಹೇಳಲು ನಮ್ಮಲ್ಲೇ ಒಂದು ಕಥೆಯಿದೆ. 1805ರ ಸುಮಾರಿಗೆ ತಾಮಸ್ ಹಿಕಿ ಬರೆದ ಮೈಸೂರು ಅರಮನೆಯ ಸ್ತ್ರೀಯರ ಚಿತ್ರದಲ್ಲಿ ಒಬ್ಬಾಕೆ ಸೆರಗು ಸರಿಸಿ ನಿಂತಿರುವುದು ಸಿಡುಬಿನ ಲಸಿಕೆ ಹಾಕಿಸಿಕೊಂಡ ತೋಳನ್ನು ಜನರಿಗೆ ತೋರಲೆಂದೇ ಎಂದು ಇತಿಹಾಸಕಾರರು ಊಹಿಸಿದ್ದಾರೆ. ಇನ್ನು ಈ ಕಲ್ಕತ್ತೆಯ ಬಸ್ತಿಗಳಲ್ಲಿಯೇ 1894ರಲ್ಲಿ ಹಾಫ್‌ಕಿನ್ ಎಂಬ ವಿಜ್ಞಾನಿ ಕಾಲರಾ ಚುಚ್ಚುಮದ್ದನ್ನು ಪರೀಕ್ಷಿಸಿದ. ಅಂದಿನ ತಾಯಂದಿರ ಅಂಜಿಕೆ ಇಂದಿನವರದಕ್ಕಿಂತ ಕಡಿಮೆಯಿದ್ದಿರಲಾರದು.

ಸಾಮಾನ್ಯ ನೆಗಡಿಯಿದ್ದರೆ ಲಸಿಕೆ ಮುಂದೂಡಬೇಕಾಗಿಲ್ಲ. ಮೈ ಸುಡುತ್ತಿದ್ದರೆ ಇಳಿಯುವತನಕ ಕಾಯಬೇಕು. ಉಬ್ಬಸ, ಹೃದ್ರೋಗವುಳ್ಳ ಮಕ್ಕಳ ವಿಷಯದಲ್ಲಿ ಹಿಂಜರಿಕೆ ಸಲ್ಲದು. ಆರು ತಿಂಗಳೊಳಗಿನ ಶಿಶುವಿಗೆ ಈ ಲಸಿಕೆ ಇಲ್ಲ. ತಾಯಿ ಗರ್ಭಿಣಿಯಾಗಿದ್ದಾಗ ಹಾಕಿಸಿಕೊಂಡುದು ಮಗುವಿಗೂ ಕೆಲವು ತಿಂಗಳು ಕಾವಲಾಗುತ್ತದೆ. ಲಸಿಕೆ ಹಾಕಿಸಿರಲಿ, ಬಿಟ್ಟಿರಲಿ, ಜ್ವರದ ಮಗುವಿಗೆ ಆಸ್ಪಿರಿನ್ ಮಾತ್ರೆ ಕೊಡಬಾರದು. ಉಸಿರು ವೇಗವಾಗಿ ಪಕ್ಕೆ ಒಳಗೆಳೆಯತೊಡಗಿದರೆ, ಮಗು ಹಾಲು ಬಿಟ್ಟರೆ, ಮಂಕಾಗಿ ಮಲಗಿದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ಶ್ರಾವಣದ ರಾತ್ರಿ ನೀರು ನಿಂತ ಬೀದಿಯಲ್ಲಿ ಟ್ಯಾಕ್ಸಿ ಸಿಗುವುದು ಎಷ್ಟು ಕಷ್ಟವೆಂಬುದನ್ನು ಇಲ್ಲಿನ ವಾಚಕರಿಗೆ ಹೇಳಬೇಕಾಗಿಲ್ಲ. ಹತ್ತಿರದ ಮಕ್ಕಳ ಆಸ್ಪತ್ರೆ ಯಾವುದು, ಅಲ್ಲಿಗೆ ಹೋಗುವ ದಾರಿ ಯಾವುದು ಎಂಬುದನ್ನು ಈಗಲೇ ವಿಚಾರಿಸಿಟ್ಟುಕೊಳ್ಳುವುದು ಒಳ್ಳೆಯದು.