ಮಗು ಆಗಲಿಲ್ಲವೆಂದರೆ ಪರೀಕ್ಷೆ ಇಬ್ಬರಿಗೂ ಆಗಲಿ



ಒಂದು ಸ್ವಸಹಾಯ ಸಂಘದ ಲೆಕ್ಕಪುಸ್ತಕ ನೋಡುತ್ತಿದ್ದಾಗ ಒಬ್ಬ ಸದಸ್ಯೆಯ ಹೆಸರಿನಲ್ಲಿ ಎರಡು ವರ್ಷದಲ್ಲಿ ಮೂರು ಸಾಲ ಕಂಡುಬಂತು. ಮೂರಕ್ಕೂ ಉದ್ದೇಶ ‘ಎಮ್ಮೆ ಖರೀದಿ’ ಎಂದು ಬರೆದಿತ್ತು. ಕಂತು ನಿಂತು ನಾಲ್ಕು ತಿಂಗಳಾಗಿತ್ತು. ನಾವು ಕಾರ್ಯಕರ್ತೆಯ ಜೊತೆ ಆಕೆಯ ಮನೆಗೆ ಹೋದೆವು. ಕೊಟ್ಟಿಗೆಯಲ್ಲಿ ಒಂದು ಎಮ್ಮೆಯೂ ಇರಲಿಲ್ಲ.

ಮದುವೆಯಾಗಿ ಏಳು ವರ್ಷ, ಮಕ್ಕಳಾಗಿರಲಿಲ್ಲ. ಸಾಲದ ಹಣವೆಲ್ಲ ನಾಟಿ ಔಷಧಿಗೆ, ಹರಕೆಗೆ, ಬೇರೆ ಬೇರೆ ಊರಿನ ಸ್ಕ್ಯಾನಿಂಗಿಗೆ ಹೋಗಿತ್ತು. ಮನೆಯಲ್ಲಿ ಗಂಡನಿಗೆ ಎರಡನೇ ಮದುವೆಯ ಮಾತು ನಡೆದಿತ್ತು. “ನಿಮ್ಮ ಯಜಮಾನರಿಗೆ ಏನು ಪರೀಕ್ಷೆ ಮಾಡಿಸಿದ್ದೀರಿ?” ಎಂದು ಕೇಳಿದೆವು. ಆಕೆ ಆಶ್ಚರ್ಯದಿಂದ ನೋಡಿ, “ಅವರಿಗೇನಾಗಿದೆ ಸಿಸ್ಟರ್, ಗಟ್ಟಿಮುಟ್ಟಾಗಿದಾರಲ್ಲ” ಅಂದರು.

ಆ ಮನೆಯವರ ಒಪ್ಪಿಗೆ ಪಡೆದು, ಊರು ಹೆಸರು ಬಿಟ್ಟು ಇದನ್ನು ಬರೆಯುತ್ತಿದ್ದೇವೆ. ಏಕೆಂದರೆ ಇದು ಒಂದು ಮನೆಯ ಕಥೆಯಲ್ಲ.

ಇದು ಎಷ್ಟು ಜನರ ಕಷ್ಟ?

ಲೋಕದಲ್ಲಿ ಸುಮಾರು ಆರು ಜನರಲ್ಲಿ ಒಬ್ಬರು ತಮ್ಮ ಜೀವನದಲ್ಲಿ ಯಾವಾಗಲಾದರೂ ಈ ತೊಂದರೆ ಅನುಭವಿಸುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ವರದಿಯಲ್ಲಿ ಹೇಳಿದೆ. ಹಾಗಾದರೆ ನಮ್ಮ ಪ್ರತಿಯೊಂದು ಸಂಘದಲ್ಲೂ ಈ ನೋವು ತಿಂದವರು ಇರಬಹುದು. ಬಾಯಿಬಿಟ್ಟು ಹೇಳುವವರು ಕಡಿಮೆ, ಅಷ್ಟೇ.

ಗಂಡ ಹೆಂಡತಿ ಜೊತೆಯಲ್ಲಿದ್ದು, ಯಾವ ತಡೆ ವಿಧಾನವನ್ನೂ ಬಳಸದೆ 12 ತಿಂಗಳಾದರೂ ಗರ್ಭ ನಿಲ್ಲದಿದ್ದರೆ ಡಾಕ್ಟರನ್ನು ಕಾಣಬೇಕು. ಹೆಂಡತಿಗೆ 35 ವರ್ಷ ದಾಟಿದ್ದರೆ ಆರು ತಿಂಗಳು ಸಾಕು. ಮುಟ್ಟು ತೀರಾ ಏರುಪೇರಾಗಿದ್ದರೆ ಅಷ್ಟೂ ಕಾಯುವುದು ಬೇಡ.

‘ಜೊತೆಯಲ್ಲಿದ್ದು’ ಎಂಬ ಮಾತನ್ನು ಗಮನಿಸಿ. 28 ದಿನಕ್ಕೊಮ್ಮೆ ಮುಟ್ಟಾಗುವವರಲ್ಲಿ ಸುಮಾರು 14ನೇ ದಿನದ ಹೊತ್ತಿಗೆ ಅಂಡಾಣು ಬಿಡುಗಡೆಯಾಗುತ್ತದೆ. ಅದು ಬದುಕಿರುವುದು ಹೆಚ್ಚೆಂದರೆ ಒಂದು ದಿನ. ಗಂಡಸಿನ ವೀರ್ಯಾಣು ಒಳಗೆ ಐದು ದಿನದವರೆಗೆ ಬದುಕಿರಬಹುದು. ಅಂದರೆ ತಿಂಗಳಲ್ಲಿ ಗರ್ಭ ನಿಲ್ಲುವ ದಿನಗಳು ಆರೇ ಆರು. ಗಂಡ ಬೆಂಗಳೂರಿನಲ್ಲಿ ಗಾರೆ ಕೆಲಸದಲ್ಲಿದ್ದು ಹಬ್ಬಕ್ಕೆ ಹುಣ್ಣಿಮೆಗೆ ಊರಿಗೆ ಬಂದುಹೋಗುವುದಾದರೆ, ಮಗುವಾಗದ್ದಕ್ಕೆ ಕಾಯಿಲೆಯೇ ಕಾರಣ ಇರಬೇಕೆಂದಿಲ್ಲ. ಇಂಥ ಮನೆಗಳಲ್ಲಿ ಹೆಂಡತಿಯನ್ನು ಬಂಜೆ ಎಂದು ಕರೆದದ್ದನ್ನು ನಾವು ಕಂಡಿದ್ದೇವೆ.

ದೋಷ ಯಾರದು?

ದೋಷ ಎನ್ನುವ ಮಾತೇ ತಪ್ಪು. ಕಾರಣ ಎನ್ನೋಣ. ಮಗುವಾಗದ ಜೋಡಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಕಡೆಯ ಕಾರಣವೂ ಇರುತ್ತದೆ. ಕೆಲವು ಕಡೆ ಅದೊಂದೇ, ಕೆಲವು ಕಡೆ ಹೆಂಗಸಿನ ಕಾರಣದ ಜೊತೆ ಸೇರಿ.

ಹೆಂಗಸರಲ್ಲಿ: ಅಂಡಾಣು ಸರಿಯಾಗಿ ಬಿಡುಗಡೆಯಾಗದಿರುವುದು, ಥೈರಾಯ್ಡ್ ತೊಂದರೆ, ಗರ್ಭನಾಳ ಮುಚ್ಚಿಕೊಂಡಿರುವುದು. ನಮ್ಮ ದೇಶದಲ್ಲಿ ನಾಳ ಮುಚ್ಚಲು ಒಂದು ಮುಖ್ಯ ಕಾರಣ ಕ್ಷಯರೋಗ. ಕೆಮ್ಮು ಇಲ್ಲದೆಯೂ ಗರ್ಭಕೋಶಕ್ಕೆ ಟಿಬಿ ಬರಬಹುದು. ಟಿಬಿ ಔಷಧಿ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

ಗಂಡಸರಲ್ಲಿ: ವೀರ್ಯಾಣು ಕಡಿಮೆ ಇರುವುದು ಅಥವಾ ಚುರುಕಾಗಿ ಚಲಿಸದಿರುವುದು, ವೃಷಣದ ರಕ್ತನಾಳ ಊದಿಕೊಂಡಿರುವುದು, ವಯಸ್ಸಿಗೆ ಬಂದ ಮೇಲೆ ಮಂಗನಬಾವು (ಮಂಪ್ಸ್) ಬಂದು ವೃಷಣಕ್ಕೆ ಇಳಿದಿರುವುದು, ವಾಸಿಮಾಡಿಸಿಕೊಳ್ಳದೆ ಬಿಟ್ಟ ಸೋಂಕು. ಬೀಡಿ, ಸಿಗರೇಟು, ಅತಿ ಕುಡಿತ ಇದನ್ನು ಇನ್ನೂ ಕೆಡಿಸುತ್ತವೆ. ಮೈಕಟ್ಟಿಗೂ ಇದಕ್ಕೂ ಸಂಬಂಧವಿಲ್ಲ. ಮೂಟೆ ಹೊರುವ ಗಂಡಸಿಗೂ ವೀರ್ಯಾಣು ಕಡಿಮೆ ಇರಬಹುದು. ಇದು ಗಂಡಸುತನ ಅಳೆಯುವ ಪರೀಕ್ಷೆಯಲ್ಲ.

ಗಂಡಸಿನ ಪರೀಕ್ಷೆ ಯಾಕೆ ಮೊದಲು?

ಅದು ಸುಲಭ, ನೋವಿಲ್ಲದ್ದು, ಖರ್ಚು ಕಡಿಮೆ. ಎರಡರಿಂದ ಏಳು ದಿನ ಹೆಂಡತಿಯ ಸಂಗದಿಂದ ದೂರವಿದ್ದು ವೀರ್ಯದ ಮಾದರಿ ಕೊಡಬೇಕು. ಕೊಟ್ಟ ಒಂದು ಗಂಟೆಯೊಳಗೆ ಪರೀಕ್ಷೆಯಾಗಬೇಕು. ಫಲಿತಾಂಶ ಸರಿಯಿಲ್ಲದಿದ್ದರೆ ಗಾಬರಿ ಬೇಡ, ಇನ್ನೊಮ್ಮೆ ಮಾಡಿಸಬೇಕು. ಹೊಸ ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಬೇಕು. ಆದ್ದರಿಂದ ಬೀಡಿ ಬಿಟ್ಟ ಫಲ ಮರುವಾರವೇ ಕಾಣುವುದಿಲ್ಲ, ಮೂರು ತಿಂಗಳು ತಾಳ್ಮೆ ಬೇಕು.

ಹೆಂಗಸಿನ ನಾಳ ನೋಡಲು ಗರ್ಭಕೋಶದೊಳಗೆ ಔಷಧಿ ಹಾಯಿಸಿ ಎಕ್ಸ್-ರೇ ತೆಗೆಯಬೇಕು, ಕೆಲವರಿಗೆ ಹೊಟ್ಟೆಗೆ ಸಣ್ಣ ರಂಧ್ರ ಮಾಡಿ ದುರ್ಬೀನಿನಲ್ಲಿ ನೋಡಬೇಕು. ಸುಲಭದ್ದನ್ನು ಬಿಟ್ಟು ಕಷ್ಟದ್ದನ್ನೇ ಮೊದಲು ಮಾಡಿಸುವುದು ಯಾವ ನ್ಯಾಯ? ಅದೂ ಹೆಣ್ಣಿನ ಮೈಮೇಲೆ, ಹೆಣ್ಣಿನ ಹೆಸರಿನ ಸಾಲದಲ್ಲಿ!

ದೊಡ್ಡ ಚಿಕಿತ್ಸೆಯ ಮಾತು ಬಂದರೆ ಒಂದು ಎಚ್ಚರಿಕೆ. 2021ರ ಕಾನೂನಿನಂತೆ ಕೃತಕ ಗರ್ಭಧಾರಣೆಯ ಕೇಂದ್ರಗಳು ನೋಂದಣಿಯಾಗಿರಲೇಬೇಕು. ‘ಖಂಡಿತ ಮಗು ಕೊಡುತ್ತೇವೆ’ ಎನ್ನುವವರನ್ನು ನಂಬಿ ಜಮೀನು ಅಡವಿಡಬೇಡಿ. ಹಾಗೆಂದು ಮಾತು ಕೊಡಲು ಯಾವ ಡಾಕ್ಟರಿಗೂ ಆಗುವುದಿಲ್ಲ.

ಹೀಯಾಳಿಸುವುದು ಅಪಮಾನ ಮಾತ್ರವಲ್ಲ

2005ರ ಕೌಟುಂಬಿಕ ದೌರ್ಜನ್ಯ ತಡೆ ಕಾನೂನು, ಮಗುವಿಲ್ಲವೆಂದೋ ಗಂಡು ಮಗುವಿಲ್ಲವೆಂದೋ ಹೆಣ್ಣನ್ನು ಹೀಯಾಳಿಸುವುದನ್ನು ದೌರ್ಜನ್ಯ ಎಂದೇ ಹೆಸರಿಟ್ಟು ಬರೆದಿದೆ. ಹೊಡೆದರೆ ಮಾತ್ರ ದೌರ್ಜನ್ಯವಲ್ಲ. ಇಂಥ ಕಷ್ಟವಿದ್ದರೆ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯವರನ್ನು ಕಾಣಬಹುದು, 181ಕ್ಕೆ ಫೋನ್ ಮಾಡಬಹುದು.

ದತ್ತು ಪಡೆಯುವ ಮನಸ್ಸಿದ್ದರೆ ದಾರಿಯಿದೆ. 2015ರ ಬಾಲನ್ಯಾಯ ಕಾನೂನಿನಡಿ ಯಾವ ಧರ್ಮದವರೂ ದತ್ತು ಪಡೆಯಬಹುದು. ಮದುವೆಯಾಗಿ ಕನಿಷ್ಠ ಎರಡು ವರ್ಷವಾಗಿರಬೇಕು, ಇಬ್ಬರ ಒಪ್ಪಿಗೆಯೂ ಬೇಕು. ಎರಡು ವರ್ಷದೊಳಗಿನ ಮಗು ಬೇಕಾದರೆ ಗಂಡ ಹೆಂಡತಿಯ ವಯಸ್ಸು ಕೂಡಿಸಿ 85 ಮೀರಬಾರದು. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಿ. ಹಣ ಕೊಟ್ಟು ಮಗು ತರುವುದು ಅಪರಾಧ.

ಸಂಘ ಏನು ಮಾಡಬಹುದು?

ಆ ಸಹೋದರಿ ಒಮ್ಮೆ ನಮ್ಮನ್ನು ಕೇಳಿದರು: “ಸಿಸ್ಟರ್, ನಿಮಗೂ ಮಕ್ಕಳಿಲ್ಲ, ನನಗೂ ಇಲ್ಲ. ನಿಮ್ಮನ್ನ ಊರವರು ಕೈಮುಗಿದು ತೊಟ್ಟಿಲ ಹತ್ರ ಕರೀತಾರೆ. ನಾನು ಹೋದ್ರೆ ಮಗೂನ ಸೆರಗಲ್ಲಿ ಮುಚ್ಕೋತಾರೆ. ಯಾಕೆ?” ನಮಗೆ ಉತ್ತರ ಹೊಳೆಯಲಿಲ್ಲ. ನಾವು ಇದನ್ನು ಆರಿಸಿಕೊಂಡೆವು, ಆಕೆ ಆರಿಸಿಕೊಂಡಿರಲಿಲ್ಲ. ನೋವಿನಲ್ಲಿರುವವಳಿಗೇ ಹೆಚ್ಚು ಮರ್ಯಾದೆ ಸಿಗಬೇಕಿತ್ತು.

ಮಾಗಡಿ ತಾಲ್ಲೂಕಿನ ಸಾಲುಮರದ ತಿಮ್ಮಕ್ಕನವರು 2025ರ ನವೆಂಬರಿನಲ್ಲಿ ತೀರಿಕೊಂಡಾಗ ನಾಡೆಲ್ಲ ನೆನೆಯಿತು. ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ದಾರಿಯಲ್ಲಿ ಆಲದ ಸಸಿಗಳಿಗೆ ನೀರು ಹೊತ್ತವರಲ್ಲಿ ಪತಿ ಚಿಕ್ಕಯ್ಯನವರೂ ಇದ್ದರೆಂಬುದನ್ನು ನಾವು ಮರೆಯುತ್ತೇವೆ. ಮಕ್ಕಳಿಲ್ಲದವರೆಲ್ಲ ಮರ ಬೆಳೆಸಬೇಕೆಂದಲ್ಲ. ಆದರೆ ಭಾರ ಇಬ್ಬರ ಹೆಗಲ ಮೇಲೂ ಇರಲಿ.

ಆದ್ದರಿಂದ ಮುಂದಿನ ಸಭೆಯಲ್ಲಿ ಇದನ್ನು ಓದಿ ಹೇಳಿ. ಸೀಮಂತಕ್ಕೆ, ನಾಮಕರಣಕ್ಕೆ ಮಕ್ಕಳಿಲ್ಲದವರನ್ನೂ ಕರೆಯಿರಿ. ಸಾಲದ ಉದ್ದೇಶ ಸುಳ್ಳು ಬರೆಸಬೇಡಿ, ‘ಚಿಕಿತ್ಸೆ’ ಎಂದೇ ಬರೆಯಲಿ. ಕೊಡುವ ಮುಂಚೆ ಒಂದೇ ಪ್ರಶ್ನೆ ಕೇಳಿ: ಯಜಮಾನರ ಪರೀಕ್ಷೆ ಆಯಿತಾ?

ಆ ಮನೆಯಲ್ಲಿ ಕಡೆಗೆ ಗಂಡ ಪರೀಕ್ಷೆಗೆ ಬಂದರು. ವೀರ್ಯಾಣು ಬಹಳ ಕಡಿಮೆಯಿತ್ತು. ಔಷಧಿ ನಡೆದಿದೆ, ಮಗು ಇನ್ನೂ ಆಗಿಲ್ಲ. ಆದರೆ ಎರಡನೇ ಮದುವೆಯ ಮಾತು ನಿಂತಿದೆ. ಬಾಕಿ ಕಂತು ಕಟ್ಟಲು ಈಗ ಗಂಡನೇ ಸಂಘದ ಸಭೆಗೆ ಬರುತ್ತಾರೆ.