ನೀರು ಹೊಕ್ಕ ಫೋನಿಗೆ ದನಿ ಬರಿಸುವುದು

ಮಳೆಗೆ ಸಿಕ್ಕ ಫೋನು ಆನ್ ಆಗುತ್ತದೆ, ಪರದೆಯೂ ಸರಿಯಿದೆ. ಹಾಡು ಹಾಕಿದರೆ ಮಾತ್ರ ಗೊರಗೊರ ಸದ್ದು. ಮಾತು ಕೇಳಿಸಿಕೊಂಡರೆ ಮೊದಲು ಮಾಯವಾಗುವುದು ಸಕಾರ, ಶಕಾರಗಳು. ಈ ದನಿಗಳ ಹೆಚ್ಚಿನ ಶಕ್ತಿ ಸೆಕೆಂಡಿಗೆ ಹಲವು ಸಾವಿರ ಕಂಪನಗಳ ಮಟ್ಟದಲ್ಲಿರುತ್ತದೆ. ಸ್ಪೀಕರ್ ಜಾಲರಿಗೆ ಅಂಟಿದ ನೀರಿನ ಪದರ ಅಷ್ಟು ಬೇಗಬೇಗ ಅಲುಗಲಾರದು. ಮಂದ್ರ ದನಿಗಳಷ್ಟೇ ಹೇಗೋ ದಾಟಿ ಬರುತ್ತವೆ. ಬಹಳಷ್ಟು ಸಲ ಸ್ಪೀಕರ್ ಕೆಟ್ಟಿರುವುದಿಲ್ಲ, ಅದರ ಬಾಯಿ ಕಟ್ಟಿರುತ್ತದೆ.

ಆ ನೀರು ತಾನೇ ಏಕೆ ಸುರಿದುಹೋಗುವುದಿಲ್ಲ? ಕಾರಣ ಮೇಲ್ಮೈ ಎಳೆತ. ಜಾಲರಿಯ ರಂಧ್ರದ ವ್ಯಾಸ 0.2 ಮಿಲಿಮೀಟರ್ ಎಂದುಕೊಳ್ಳಿ. ಅಷ್ಟು ಕಿರಿದಾದ ಬಾಯಲ್ಲಿ ನೀರಿನ ಮೇಲ್ಮೈ ಸುಮಾರು 14 ಸೆಂಟಿಮೀಟರ್ ಎತ್ತರದ ನೀರಿನ ಒತ್ತಡವನ್ನು ತಡೆದು ನಿಲ್ಲಬಲ್ಲದು. ಫೋನಿನೊಳಗೆ ನಿಂತಿರುವುದು ಒಂದೆರಡು ಮಿಲಿಮೀಟರ್ ನೀರು. ಫೋನನ್ನು ಸುಮ್ಮನೆ ಬೋರಲು ಹಿಡಿದರೆ ಆ ನೀರಿನ ಭಾರ ಸಾಲದು, ಒಳಗಿನಿಂದ ತಳ್ಳುವವರು ಬೇಕು.

ಸ್ಪೀಕರಿನ ಪೊರೆಯೇ ಆ ಕೆಲಸ ಮಾಡಬಲ್ಲದು. 2016ರಲ್ಲಿ ಬಂದ ಆಪಲ್ ವಾಚ್ ಸೀರೀಸ್ 2 ಈಜಿನ ನಂತರ ಸ್ಪೀಕರಿನಿಂದ ಸದ್ದು ಹೊರಡಿಸಿ ನೀರನ್ನು ಹೊರಗೆಸೆಯುತ್ತಿತ್ತು. ಈಗ ಫೋನುಗಳಿಗೂ ಇಂಥ ಆ್ಯಪ್‌ಗಳಿವೆ. ಸಾಮಾನ್ಯವಾಗಿ ಬಳಸುವುದು 165 ಹರ್ಟ್ಸ್ ಆಸುಪಾಸಿನ ಮಂದ್ರ ದನಿ. ಕೀಚಲು ದನಿಗೆ ಪೊರೆ ಬರೀ ನಡುಗುತ್ತದೆ. ಮಂದ್ರ ದನಿಗೆ ಹೆಚ್ಚು ದೂರ ಹಿಂದೆ ಮುಂದೆ ಸರಿದು ಗಾಳಿಯನ್ನು ನೂಕುತ್ತದೆ, ರಂಧ್ರಗಳಲ್ಲಿ ಸಣ್ಣ ಹನಿಗಳು ಮೂಡಿ ಸಿಡಿಯುತ್ತವೆ. ಫೋನಿನ ಸ್ಪೀಕರ್ ಬದಿಯನ್ನು ಕೆಳಗೆ ಮಾಡಿ ಅರ್ಧ ನಿಮಿಷ ನುಡಿಸಿ, ಒರೆಸಿ, ಮತ್ತೊಮ್ಮೆ ನುಡಿಸಿ. ಆದರೆ ಈ ಉಪಾಯ ಜಾಲರಿಯ ನೀರಿಗಷ್ಟೇ. ಫೋನು ಪೂರ್ತಿ ಮುಳುಗಿದ್ದರೆ ಸದ್ದಿನ ಆಸೆ ಬಿಟ್ಟು ಮೊದಲು ಆಫ್ ಮಾಡಿ. ನೀರು ಮತ್ತು ವಿದ್ಯುತ್ ಜೊತೆಯಾದರೆ ಒಳಗಿನ ಲೋಹ ಬೇಗ ಸವೆಯುತ್ತದೆ. ಚಾರ್ಜಿಗಂತೂ ಹಾಕಲೇಬೇಡಿ.

ಇಯರ್‌ಫೋನ್ ತೂತಿರುವ ಫೋನಾದರೆ ಇನ್ನೊಂದು ಸಾಧ್ಯತೆ ಇದೆ. ತೂತಿನೊಳಗಿನ ನೀರು ಸಂಪರ್ಕಗಳನ್ನು ಬೆಸೆದು, ಇಯರ್‌ಫೋನ್ ಸಿಕ್ಕಿಸಿದೆ ಎಂದು ಫೋನನ್ನು ನಂಬಿಸುತ್ತದೆ. ಆಗ ಸ್ಪೀಕರ್ ಪೂರ್ತಿ ಮೌನ. ಪರದೆಯ ಮೇಲೆ ಹೆಡ್‌ಫೋನ್ ಚಿಹ್ನೆ ಇದೆಯೇ ನೋಡಿ.

ಇನ್ನು ಅಕ್ಕಿ ಡಬ್ಬ. ಫೋನಿನೊಳಗೆ ಸಿಕ್ಕಿಕೊಂಡ ನೀರನ್ನು ಅಕ್ಕಿ ಎಳೆದುಕೊಳ್ಳಲಾರದು. ಬದಲಿಗೆ ಅದರ ಪುಡಿ, ಧೂಳು ತೂತುಗಳಿಗೆ ಸೇರುತ್ತವೆ. ಒದ್ದೆ ಫೋನನ್ನು ಅಕ್ಕಿಯಲ್ಲಿ ಇಡಬೇಡಿ ಎಂದು ಆಪಲ್ ಕಂಪನಿಯೇ ಬಳಕೆದಾರರಿಗೆ ತಿಳಿಸಿದೆ. ಹೇರ್‌ಡ್ರೈಯರ್ ಬಿಸಿಗೆ ಅಂಟು ಸಡಿಲವಾಗುತ್ತದೆ. ಪಿನ್ನು ಚುಚ್ಚಿದರೆ ಜಾಲರಿಯೇ ಹರಿಯಬಹುದು. ಗಾಳಿಯಾಡುವ ಒಣ ಜಾಗದಲ್ಲಿ ಒಂದು ದಿನ ನಿಲ್ಲಿಸುವುದೇ ಮೇಲು, ಫ್ಯಾನ್ ಇದ್ದರೆ ಇನ್ನೂ ಒಳ್ಳೆಯದು.

ನೀರು ತಡೆಯುತ್ತದೆ ಎನ್ನುವ ಐಪಿ68 ಮುದ್ರೆಯ ಭರವಸೆಯ ಮೇಲೆ ಸಮುದ್ರಕ್ಕಿಳಿಯಬೇಡಿ. ಆ ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ, ಹೊಸ ಫೋನಿನ ಮೇಲೆ. ಉಪ್ಪುನೀರು, ಗಡಸು ಬೋರ್‌ವೆಲ್ ನೀರು ಒಣಗಿದ ಮೇಲೂ ಜಾಲರಿಯಲ್ಲಿ ಲವಣ ಉಳಿಸಿ ಹೋಗುತ್ತವೆ. ಅದಕ್ಕೆ ಯಾವ ಆ್ಯಪ್ ಸದ್ದೂ ಮದ್ದಲ್ಲ. ಒಣಗಿ ಎರಡು ದಿನವಾದರೂ ದನಿ ಒಡೆದೇ ಬರುತ್ತಿದ್ದರೆ ರಿಪೇರಿ ಅಂಗಡಿಗೆ ಹೋಗಿ. ಹೆಚ್ಚಿನ ಫೋನುಗಳಲ್ಲಿ ಕೆಳಗಿನ ಸ್ಪೀಕರ್ ಬಿಡಿಭಾಗ, ಅದೊಂದನ್ನೇ ಬದಲಿಸಬಹುದು.